ಕಾಳಿಯ ನಾಡಿನ ಯುವಜನರೇ, ಈ ರಜೆಗೆ ಒಂದು ಬಾಗಿಲು ತೆರೆಯಿರಿ

ಡಿಸೆಂಬರ್ ಮೂರನೇ ವಾರ ಮುಗಿಯುತ್ತಿದ್ದಂತೆ ವೈಟ್‌ಫೀಲ್ಡಿನ ರಸ್ತೆಗಳು ಹಗುರಾಗುತ್ತವೆ. ಐಟಿಪಿಎಲ್ ಮುಂದಿನ ಕ್ಯಾಬ್‌ಗಳ ಸಾಲು ಕರಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ಒಂದೊಂದೇ ಕೋಣೆಗೆ ಬೀಗ ಬೀಳುತ್ತದೆ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರಿನ ಬಸ್ಸುಗಳು ತುಂಬಿ ಹೊರಡುತ್ತವೆ. ಪೀಣ್ಯದ ಕಾರ್ಖಾನೆಗಳಲ್ಲಿ ಇದೇ ದೃಶ್ಯ ದಸರಾಕ್ಕೆ ಒಮ್ಮೆ, ದೀಪಾವಳಿಗೆ ಒಮ್ಮೆ, ಸಂಕ್ರಾಂತಿಗೆ ಮತ್ತೊಮ್ಮೆ. ಆಯುಧಪೂಜೆ ಮುಗಿಸಿ, ಕುಂಬಳಕಾಯಿ ಒಡೆದು, ಶೆಟರ್ ಎಳೆದರೆ ಯಂತ್ರಗಳಿಗೂ ರಜೆ, ಕ್ಯಾಂಟೀನಿಗೂ ರಜೆ.

ಆ ಕ್ಯಾಂಟೀನಿನ ಹಿಂಬಾಗಿಲನ್ನು, ಗೇಟಿನ ಸೆಕ್ಯೂರಿಟಿ ಅಣ್ಣನ ಬುತ್ತಿಯನ್ನು, ಬೆಳಗಿನ ಶಿಫ್ಟಿನವರು ಟೀ ಅಂಗಡಿಯಲ್ಲಿ ಮುರಿದು ಹಾಕುವ ಬನ್ನನ್ನು ನಂಬಿ ಬದುಕುವ ನಾಯಿಗಳಿಗೆ ಆ ದಿನಗಳಲ್ಲಿ ಏನೂ ತಿಳಿಯುವುದಿಲ್ಲ. ದಿನವೂ ಕೇಳುತ್ತಿದ್ದ ಬೂಟುಗಳ ಸದ್ದು ನಿಂತಿದೆ. ತಲೆ ಸವರುತ್ತಿದ್ದ ಕೈ ಊರಿಗೆ ಹೋಗಿದೆ. ಮರಿ ಹಾಕಿದ ತಾಯಿ ಮುಚ್ಚಿದ ಗೇಟಿನ ಮುಂದೆ ಬಂದು ಕೂರುತ್ತದೆ, ಕಾಯುತ್ತದೆ, ಹಸಿದ ಹೊಟ್ಟೆಯಲ್ಲೇ ಮರಿಗಳ ಬಳಿಗೆ ಮರಳುತ್ತದೆ. ನಾವು ಹಬ್ಬದ ಊಟಕ್ಕೆ ಕೂತ ಹೊತ್ತಿಗೆ ಅದರ ಹಾಲು ಬತ್ತಿರುತ್ತದೆ.

ಯುವಮಿತ್ರರೇ, ಮರುಗಿ ಮರೆತುಬಿಡಬೇಡಿ. ಇದಕ್ಕೆ ಪರಿಹಾರವಿದೆ, ಅದು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇದೆ. ಬಿಸ್ಕತ್ತು ಹಾಕುವ ಕೈಗಳಿಗೆ ಬೆಂಗಳೂರಿನ ಈ ಹೊರವಲಯದಲ್ಲಿ ಬರವಿಲ್ಲ. ಬರವಿರುವುದು ಮನೆಗಳಿಗೆ. ಈ ಹಬ್ಬದ ಕಾಲದಲ್ಲಿ ನಿಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ನಾಯಿಗೆ ಮನೆ ಸಿಗುವಂತೆ ನೋಡಿಕೊಳ್ಳಿ. ಆ ಮನೆ ನಿಮ್ಮದೇ ಆಗಬೇಕೆಂದಿಲ್ಲ. ಹೊಣೆ ಮಾತ್ರ ನಿಮ್ಮದಾಗಿರಲಿ.

ರಜೆ ಬಂದಾಗಲೇ ಏಕೆ?

ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಕಾರ್ತಿಕ ಮಾಸ ನಾಯಿಗಳು ಕೂಡುವ ಕಾಲ. ನಾಯಿಯ ಗರ್ಭಾವಧಿ ಸುಮಾರು 63 ದಿನ. ಲೆಕ್ಕ ಹಾಕಿ ನೋಡಿ. ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ ಗರ್ಭ ಕಟ್ಟಿದ ತಾಯಂದಿರು ಮರಿ ಹಾಕುವುದು ದೀಪಾವಳಿಯಿಂದ ಸಂಕ್ರಾಂತಿಯ ನಡುವೆ. ನಮ್ಮ ಬೀದಿನಾಯಿಗಳ ಬಹುಪಾಲು ಮರಿಗಳು ಕಣ್ಣು ಬಿಡುವುದು ಚಳಿಗಾಲದಲ್ಲೇ. ಎಲ್ಲಿ? ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಮರಳಿನ ರಾಶಿಯ ಪಕ್ಕದಲ್ಲಿ, ನಿಂತ ಲಾರಿಯ ಅಡಿಯಲ್ಲಿ, ಒಣಗಿದ ಮೋರಿಯ ಪೈಪಿನೊಳಗೆ. ರಾತ್ರಿ 15-16 ಡಿಗ್ರಿಗೆ ಇಳಿಯುವ ಚಳಿ. ನಾಲ್ಕೈದು ವಾರಕ್ಕೆ ಮರಿಗಳು ತಾಯಿಯ ಬೆನ್ನಹಿಂದೆ ರಸ್ತೆಗೆ ಇಳಿಯುತ್ತವೆ. ಅಲ್ಲಿ ವಾಟರ್ ಟ್ಯಾಂಕರಿನ ಚಕ್ರ ಕಾದಿರುತ್ತದೆ. ಚಕ್ರದಿಂದ ಉಳಿದವಕ್ಕೆ ಪಾರ್ವೊ ಮತ್ತು ಡಿಸ್ಟೆಂಪರ್ ಕಾಯಿಲೆಗಳು ಬಡಿಯುತ್ತವೆ. ಚುಚ್ಚುಮದ್ದು ಕಾಣದ ಮರಿಗೆ ಈ ಎರಡೂ ಯಮ.

ಇದೇ ಕಾಲದಲ್ಲಿ ಪಟಾಕಿ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಜ್‌ವರೆಗಿನ ಸದ್ದು, ನಾಯಿಯ ಕಿವಿಗೆ ಸುಮಾರು 45 ಕಿಲೋಹರ್ಟ್ಜ್‌ವರೆಗೂ ಕೇಳುತ್ತದೆ. ದೀಪಾವಳಿಯ ಮೂರು ರಾತ್ರಿ, ಹೊಸ ವರ್ಷದ ನಡುರಾತ್ರಿ ಬೆದರಿ ಓಡಿದ ನಾಯಿ ಮೈಲಿಗಟ್ಟಲೆ ದೂರದ ಬಡಾವಣೆಯಲ್ಲಿ ದಿಕ್ಕೆಟ್ಟು ನಿಲ್ಲುತ್ತದೆ. ಅಲ್ಲಿನ ನಾಯಿಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಅನ್ಯಾಯವೂ ನಡೆಯುತ್ತದೆ. ಹುಟ್ಟುಹಬ್ಬಕ್ಕೋ ಹೊಸ ವರ್ಷಕ್ಕೋ ಉಡುಗೊರೆಯಾಗಿ ಬಂದ ಹಸ್ಕಿ, ಬೀಗಲ್, ಲ್ಯಾಬ್ರಡಾರ್ ಮರಿ ದೊಡ್ಡದಾಗಿ, ಕೂದಲು ಉದುರಿಸಿ, ಕಾಯಿಲೆ ಬಿದ್ದಾಗ, ಪ್ರವಾಸಕ್ಕೆ ಹೊರಟ ಮನೆಗೆ ಅದು ಭಾರವಾಗುತ್ತದೆ. ಕತ್ತಲಲ್ಲಿ ಕಾರು ನಿಲ್ಲಿಸಿ, ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಇಳಿಸಿ, ಕೊರಳಪಟ್ಟಿ ಬಿಚ್ಚಿ ಹೋಗುವವರಿದ್ದಾರೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸವಿದ್ದಾಗ ಆಸೆಪಟ್ಟು ತಂದ ಎಷ್ಟೋ ನಾಯಿಗಳು, ಕಚೇರಿಗಳು ಮತ್ತೆ ತೆರೆದಾಗ ಹೀಗೆಯೇ ಬೀದಿ ಕಂಡವು. ಸೋಫಾದ ಮೇಲೆ ಮಲಗಿ ಬೆಳೆದ ಆ ಜೀವಕ್ಕೆ ಬೀದಿಯಲ್ಲಿ ಬದುಕುವ ವಿದ್ಯೆ ಗೊತ್ತಿಲ್ಲ. ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಯಾಗುವಂತೆ ತೊರೆದುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮೊದಲ ತಪ್ಪಿಗೆ ಆ ಕಾಯ್ದೆ ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಕಾನೂನು ಇಷ್ಟು ಬಡವಾಗಿರುವಾಗ ಕಾಯಬೇಕಾದದ್ದು ನಮ್ಮ ಆತ್ಮಸಾಕ್ಷಿ.

ಅಂಕಿಗಳನ್ನೂ ಕೇಳಿ. 2023ರಲ್ಲಿ ಬಿಬಿಎಂಪಿ ನಡೆಸಿದ ಗಣತಿಯಲ್ಲಿ ನಗರದ ಬೀದಿನಾಯಿಗಳ ಸಂಖ್ಯೆ 2,79,335. ಎಂಟು ವಲಯಗಳಲ್ಲಿ ಅತಿ ಹೆಚ್ಚು ಇದ್ದದ್ದು ವೈಟ್‌ಫೀಲ್ಡನ್ನು ಒಳಗೊಂಡ ಮಹದೇವಪುರ ವಲಯದಲ್ಲಿ, 58,371. ಎಲೆಕ್ಟ್ರಾನಿಕ್ ಸಿಟಿಗೆ ಹೊಂದಿಕೊಂಡ ಬೊಮ್ಮನಹಳ್ಳಿ ವಲಯದಲ್ಲಿ 39,183. ಪೀಣ್ಯದ ಮಗ್ಗುಲಿನ ದಾಸರಹಳ್ಳಿ ವಲಯದಲ್ಲಿ 21,221. ನಗರ ಹೊರಕ್ಕೆ ಬೆಳೆದ ಕಡೆಯಲ್ಲೆಲ್ಲ, ಖಾಲಿ ಸೈಟು, ಕಟ್ಟಡದ ಕೆಲಸ, ಹೋಟೆಲಿನ ಎಂಜಲು ಇರುವ ಕಡೆಯಲ್ಲೆಲ್ಲ ನಾಯಿಗಳೂ ಬೆಳೆದಿವೆ. ಹಾಗೆಂದು ಕೈಚೆಲ್ಲಬೇಕಿಲ್ಲ. 2019ರ ಗಣತಿಯಲ್ಲಿ ಈ ಸಂಖ್ಯೆ ಸುಮಾರು 3.10 ಲಕ್ಷವಿತ್ತು. ನಾಲ್ಕು ವರ್ಷದಲ್ಲಿ ಅದು ಇಳಿಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಸುಮಾರು ಶೇ 72ಕ್ಕೆ ಏರಿತು. ಪಟ್ಟುಹಿಡಿದು ಕೆಲಸ ಮಾಡಿದರೆ ಫಲ ಕಾಣುತ್ತದೆ ಎನ್ನುವುದಕ್ಕೆ ನಮ್ಮ ಊರೇ ಸಾಕ್ಷಿ.

ನಾಯಿಯನ್ನು ಬೇಡಿದ ವೀರ

ನಾಯಿ ಸಾಕುವುದು, ನಾಯಿಗೆ ಮನೆ ಹುಡುಕುವುದು ಪರದೇಶದಿಂದ ಬಂದ ಶೋಕಿ ಎನ್ನುವವರು ನಿಮಗೆ ಸಿಗುತ್ತಾರೆ. ಅವರನ್ನು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಅಲ್ಲೊಂದು ಕಲ್ಲಿದೆ, ಆತಕೂರು ಶಾಸನ.

949ರ ಸುಮಾರಿಗೆ ತಕ್ಕೋಲದ ರಣಭೂಮಿಯಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಸೈನ್ಯ ಚೋಳ ರಾಜಾದಿತ್ಯನನ್ನು ಸೋಲಿಸಿತು. ಕೃಷ್ಣನ ಪಕ್ಷದಲ್ಲಿ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಬೂತುಗನ ಬಂಟ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಬೇಕಾದ್ದನ್ನು ಬೇಡು ಎಂದ. ಮಣಲೇರ ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಕಾಳಿ ಕಾಡುಹಂದಿಯೊಂದಿಗೆ ಸೆಣಸಿತು, ಎರಡೂ ಪ್ರಾಣ ಬಿಟ್ಟವು. ಇಂದಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ದೇಗುಲದ ಮುಂದೆ, ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಕನ್ನಡ ಯೋಧ ನಾಯಿಯನ್ನು ಬಾಯಿಬಿಟ್ಟು ಬೇಡಿ ಪಡೆದ, ಅದು ಸತ್ತಾಗ ಸುಮ್ಮನಿರಲಿಲ್ಲ. ಚೋಳರ ಮೇಲಿನ ಗೆಲುವನ್ನು ಹೇಳುವ ಕಲ್ಲೇ ಒಂದು ನಾಯಿಯ ಸಾವನ್ನೂ ಹೇಳುತ್ತದೆ. ಇದು ನಮ್ಮ ಪರಂಪರೆ. ನಾವು ಹೊಸದೇನನ್ನೂ ಕಲಿಯಬೇಕಿಲ್ಲ, ನಮ್ಮದನ್ನು ಮರೆಯದಿದ್ದರೆ ಸಾಕು.

ಮನೆಯೇ ಏಕೆ ಬೇಕು?

ಬೀದಿಯ ಪ್ರತಿಯೊಂದು ನಾಯಿಯನ್ನೂ ಎತ್ತಿ ಮನೆಯೊಳಗೆ ತರಬೇಕು ಎಂದು ನಾನು ಹೇಳುತ್ತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ತಿರುಳು ಇದು: ಹಿಡಿದ ನಾಯಿಗೆ ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಕಿವಿಯ ತುದಿ ಕತ್ತರಿಸಿರುವ ನಾಯಿ ಕಂಡರೆ ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದೆ ಎಂದು ತಿಳಿಯಿರಿ. ತನ್ನ ಬೀದಿಯಲ್ಲಿ ತನ್ನವರೊಡನೆ ಗಟ್ಟಿಯಾಗಿ ನೆಲೆನಿಂತ, ಊಟಕ್ಕೆ ಕೊರತೆಯಿಲ್ಲದ ನಾಯಿಯನ್ನು ಸುಮ್ಮನೆ ಎಬ್ಬಿಸಬೇಡಿ.

ಮನೆ ಬೇಕಾದವು ಬೇರೆ. ತಾಯಿ ಕಳೆದುಕೊಂಡ ಮರಿ. ಅಪಘಾತದಲ್ಲಿ ಕಾಲು ಹೋಗಿ ಬೀದಿಗೆ ಮರಳಲಾಗದ ನಾಯಿ. ಮನೆಯಿಂದ ಹೊರದಬ್ಬಿಸಿಕೊಂಡ ಸಾಕುನಾಯಿ. ವಯಸ್ಸಾಗಿ ಕಣ್ಣು ಮಂಜಾದದ್ದು. ಇವುಗಳನ್ನು ರಕ್ಷಿಸಿದವರು ಈಗಾಗಲೇ ತಮ್ಮ ಶೆಲ್ಟರ್‌ಗಳಲ್ಲಿ, ಮನೆಯ ಮಹಡಿಗಳಲ್ಲಿ, ಬಾಡಿಗೆ ಶೆಡ್‌ಗಳಲ್ಲಿ ಇಟ್ಟುಕೊಂಡು ಏದುಸಿರು ಬಿಡುತ್ತಿದ್ದಾರೆ. ಒಂದು ನಾಯಿಗೆ ಮನೆ ಸಿಕ್ಕರೆ ಶೆಲ್ಟರಿನಲ್ಲಿ ಒಂದು ಜಾಗ ತೆರವಾಗುತ್ತದೆ, ಆ ಜಾಗದಲ್ಲಿ ನಾಳೆ ಗಾಯಗೊಂಡು ಬರುವ ಇನ್ನೊಂದು ಬದುಕುತ್ತದೆ. ನೀವು ಉಳಿಸುವುದು ಯಾವಾಗಲೂ ಎರಡು ಜೀವ.

2025ರಲ್ಲಿ ಈ ಅಗತ್ಯ ಇನ್ನಷ್ಟು ತೀವ್ರವಾಯಿತು. ಆ ವರ್ಷ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯಾದ ನಾಯಿಗಳನ್ನು ಅವುಗಳ ಜಾಗಕ್ಕೇ ಬಿಡಬೇಕು, ರೇಬಿಸ್ ತಗುಲಿದವು ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ಬೀದಿನಾಯಿಯನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು, ದತ್ತು ಪಡೆದ ಮೇಲೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂದೂ ಹೇಳಿತು. ನವೆಂಬರ್ 7ರ ಆದೇಶ ಮುಂದಿನ ಹೆಜ್ಜೆ ಇಟ್ಟಿತು. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂದು ನಿರ್ದೇಶಿಸಿತು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಎಷ್ಟು ಕಾಲೇಜು, ಎಷ್ಟು ಆಸ್ಪತ್ರೆ ಇವೆ ಎಂದು ನೆನೆದು ನೋಡಿ. ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳ ಮಡಿಲಲ್ಲೇ ಬೆಳೆದ ಸಾಧು ನಾಯಿಗೆ ಈಗ ಎರಡೇ ದಾರಿ: ಶೆಲ್ಟರಿನ ಕಂಬಿ, ಇಲ್ಲವೇ ಒಂದು ಮನೆ.

ನಾಯಿಗೆ ಹೆದರುವವರನ್ನು ದೂಷಿಸಬೇಡಿ. ಶಾಲೆಗೆ ಹೋಗುವ ಮಗುವಿನ ಭಯ, ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ನಡೆಯುವ ಹೆಣ್ಣುಮಗಳ ಭಯ ನಿಜವಾದದ್ದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ನಾಯಿ ಕಚ್ಚಿದ ಕೂಡಲೇ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಹೋಗಬೇಕು ಎಂಬುದು ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಲಸಿಕೆ ಹಾಕಿಸಿಕೊಂಡು ಮನೆ ಸೇರಿದ ನಾಯಿ, ಹೆದರುವವರಿಗೂ ಪ್ರೀತಿಸುವವರಿಗೂ ಒಟ್ಟಿಗೆ ನೆಮ್ಮದಿ ಕೊಡುತ್ತದೆ.

ದಾರಿ ತೋರಿದವರು

ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಮಹಿಳೆ ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳಿಗಾಗಿ ದುಡಿದು, 80 ದಾಟಿದ ಮೇಲೆ ಬೆಂಗಳೂರಿಗೆ ಬಂದರು. ವಿಶ್ರಾಂತಿ ಪಡೆಯಬೇಕಾದ ವಯಸ್ಸಿನಲ್ಲಿ, 1991ರಲ್ಲಿ, ಇಲ್ಲಿ ಕೂಪಾ ಸಂಸ್ಥೆಯನ್ನು ಕಟ್ಟಿದರು. ಇಂದು ಈ ನಗರದಲ್ಲಿ ಗಾಯಗೊಂಡ ಪ್ರಾಣಿಯ ಮಾತು ಬಂದಾಗ ಜನರ ಬಾಯಿಗೆ ಬರುವ ಹೆಸರುಗಳಲ್ಲಿ ಅದೂ ಒಂದು. ತೊರೆದುಬಿಟ್ಟ ಸಾಕುನಾಯಿಗಳಿಗೆ ಮತ್ತೊಂದು ಮನೆ ಹುಡುಕಲೆಂದೇ ಅದು ಸೆಕೆಂಡ್ ಚಾನ್ಸ್ ಎಂಬ ದತ್ತು ಕೇಂದ್ರ ನಡೆಸುತ್ತಾ ಬಂದಿದೆ. ನಗರದ ಉತ್ತರದಲ್ಲಿ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಮೂರು ಕಾಲಿನ ಚಾರ್ಲಿ ಎಂಬ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. 80 ದಾಟಿದವರು ಪರಊರಿನಲ್ಲಿ ಸಂಸ್ಥೆ ಕಟ್ಟಬಹುದಾದರೆ, 24ರ ನೀವು ನಿಮ್ಮದೇ ಬೀದಿಯಲ್ಲಿ ಒಂದು ನಾಯಿಗೆ ಮನೆ ಹುಡುಕಲಾರಿರಾ?

2022ರಲ್ಲಿ ತೆರೆಕಂಡ '777 ಚಾರ್ಲಿ' ನೋಡಿ ಕಣ್ಣೀರು ಹಾಕಿದವರು ನಮ್ಮಲ್ಲಿ ಲಕ್ಷಾಂತರ ಮಂದಿ. ಕಿರಣ್‌ರಾಜ್ ನಿರ್ದೇಶನದ ಆ ಚಿತ್ರದ ಧರ್ಮ ಕಾರ್ಖಾನೆಯಲ್ಲಿ ದುಡಿಯುವ ಒಂಟಿ ಮನುಷ್ಯ. ಅವನ ಬಾಳಿಗೆ ಬಂದ ಚಾರ್ಲಿ, ಮರಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ನಾಯಿ. ಆ ಕಣ್ಣೀರಿಗೆ ಬೆಲೆ ಬರಬೇಕಾದರೆ ಮರಿಯನ್ನು ಅಂಗಡಿಯಿಂದ ಕೊಳ್ಳುವುದನ್ನು ನಿಲ್ಲಿಸಬೇಕು. ಕೊಳ್ಳುವವರು ಇರುವವರೆಗೆ ಗೂಡಿನೊಳಗಿನ ತಾಯಿನಾಯಿಗೆ ಬಿಡುಗಡೆಯಿಲ್ಲ. ಪೀಣ್ಯದ ಗೆಳೆಯರೇ, ಧರ್ಮ ನಿಮ್ಮವನು. ನಿಮ್ಮ ಪಕ್ಕದ ಯಂತ್ರದಲ್ಲಿ ನಿಂತು ದುಡಿಯುವವನು. ಲೇತ್ ಯಂತ್ರದ ಮುಂದೆ ಹತ್ತು ಗಂಟೆ ನಿಲ್ಲುವ ಕೈಗೆ ಎಷ್ಟು ಮಮತೆ ಸಾಧ್ಯ ಎಂದು ನೀವು ತೋರಿಸಬಲ್ಲಿರಿ.

ನಿಮ್ಮ ಪಾಲಿನ ಕೆಲಸ

ಸ್ವಂತ ಮನೆಯೋ, ಒಪ್ಪುವ ಮಾಲೀಕರೋ, ಮನೆಯವರ ಪೂರ್ಣ ಸಮ್ಮತಿಯೋ ಇದ್ದವರು ದತ್ತು ಪಡೆಯಿರಿ. ನಾಟಿ ನಾಯಿಯನ್ನೇ ತನ್ನಿ. ನಮ್ಮ ಬಿಸಿಲು ಮಳೆಗೆ ಹದಗೊಂಡ ದೇಹ ಅದರದ್ದು. ಕೂದಲು ಕಡಿಮೆ, ಬುದ್ಧಿ ಚುರುಕು, ಮೊಟ್ಟೆ ಬೆರೆಸಿದ ಅನ್ನ ಹಾಕಿದರೂ ತೃಪ್ತಿ. ಮರಿಯೇ ಬೇಕೆಂದು ಹಟ ಹಿಡಿಯಬೇಡಿ. ಮರಿಗಳಿಗೆ ಕೇಳುವವರು ಹೇಗೂ ಸಿಗುತ್ತಾರೆ. ಮೂರು ವರ್ಷದ ಕರಿನಾಯಿಯನ್ನು, ಕುಂಟುವ ಹೆಣ್ಣುನಾಯಿಯನ್ನು ಕೇಳುವವರು ಅಪರೂಪ. ದೊಡ್ಡ ನಾಯಿಯ ಸ್ವಭಾವ ಮೊದಲೇ ಗೊತ್ತಿರುತ್ತದೆ, ಕೆಲಸಕ್ಕೆ ಹೋಗುವವರ ಮನೆಗೆ ಅದೇ ಹೆಚ್ಚು ಹೊಂದುತ್ತದೆ.

ಇಡೀ ಜೀವಮಾನದ ಹೊಣೆ ಹೊರಲಾಗದವರು ಕೆಲವು ವಾರಗಳ ಆಸರೆ ಕೊಡಿ. ಇದನ್ನೇ ಫಾಸ್ಟರಿಂಗ್ ಎನ್ನುತ್ತಾರೆ. ಕಂಪನಿ ಮುಚ್ಚಿರುವ ಕ್ರಿಸ್‌ಮಸ್ ವಾರದಲ್ಲಿ ಊರಿಗೆ ಹೋಗದೆ ಇಲ್ಲೇ ಉಳಿಯುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಮರಿಗಳು ಮನುಷ್ಯರನ್ನು ನಂಬಲು ಕಲಿಯುವ ಕಾಲ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ. ಆ ದಿನಗಳಲ್ಲಿ ನಿಮ್ಮ ಕೋಣೆಯಲ್ಲಿ ಕುಕ್ಕರಿನ ಸೀಟಿ, ಫ್ಯಾನಿನ ಸದ್ದು, ಮಕ್ಕಳ ನಗೆ ಕೇಳಿ ಬೆಳೆದ ಮರಿ ಮುಂದೆ ಯಾವ ಮನೆಗೆ ಹೋದರೂ ಹೊಂದಿಕೊಳ್ಳುತ್ತದೆ. ನೀವು ಕೊಟ್ಟ ಮೂರು ವಾರ ಅದರ ಹನ್ನೆರಡು ಹದಿನೈದು ವರ್ಷದ ಬದುಕಿಗೆ ಬುನಾದಿ.

ಪಿಜಿಯಲ್ಲಿದ್ದೇನೆ, ನಾಯಿ ತರಲು ಬಿಡುವುದಿಲ್ಲ ಎನ್ನುತ್ತೀರಾ? ನಿಮಗೂ ಕೆಲಸವಿದೆ. ಹಗಲ ಬೆಳಕಿನಲ್ಲಿ, ನಾಯಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ಅದರ ಒಳ್ಳೆಯ ಚಿತ್ರ ತೆಗೆಯಿರಿ. ಅದರ ವಯಸ್ಸು, ಲಸಿಕೆ, ಶಸ್ತ್ರಚಿಕಿತ್ಸೆ, ಮಕ್ಕಳೊಡನೆ ಹೇಗೆ, ಬೆಕ್ಕಿನೊಡನೆ ಹೇಗೆ, ಎಲ್ಲವನ್ನೂ ಕನ್ನಡದಲ್ಲಿ ಬರೆಯಿರಿ. ದತ್ತು ಜಾಹೀರಾತುಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತವೆ. ಹೊಸಕೋಟೆಯ, ಆನೇಕಲ್ಲಿನ, ನೆಲಮಂಗಲದ ಅಂಗಳವಿರುವ ಮನೆಗಳಿಗೆ ಅವು ಮುಟ್ಟುವುದೇ ಇಲ್ಲ. ಕನ್ನಡದಲ್ಲಿ ನಾಲ್ಕು ಸಾಲು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಹುಡುಗಿಯೊಬ್ಬಳು, ಶೆಲ್ಟರಿನವರು ತಿಂಗಳುಗಟ್ಟಲೆ ಹುಡುಕಿದ ಮನೆಯನ್ನು ಒಂದೇ ಸಂಜೆಯಲ್ಲಿ ತಲುಪಬಹುದು. ನಾಯಿಯ ಕೊರತೆಗಳನ್ನು ಮುಚ್ಚಿಡಬೇಡಿ. ಸುಳ್ಳು ಹೇಳಿ ಕೊಟ್ಟ ನಾಯಿ ತಿರುಗಿ ಬರುತ್ತದೆ.

ಬೈಕು, ಕಾರು ಇದ್ದವರು ಮನೆ ನೋಡಲು ಹೋಗಿ. ಮಹಡಿ ಮನೆಯಾದರೆ ಬಾಲ್ಕನಿಗೆ ಜಾಲರಿ ಇದೆಯೇ? ಬಾಡಿಗೆ ಮನೆಯಾದರೆ ಮಾಲೀಕರು ಬರಹದಲ್ಲಿ ಒಪ್ಪಿದ್ದಾರೆಯೇ? ಮನೆಯ ಹಿರಿಯರಿಗೆ ಇಷ್ಟವಿದೆಯೇ? ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆಗೆ ನಾಯಿಯನ್ನು ಕೊಡಬೇಡಿ. ಸ್ನೇಹಿತನೆಂಬ ದಾಕ್ಷಿಣ್ಯವೂ ಬೇಡ. ದತ್ತು ಕರಾರಿಗೆ ಸಹಿ ಹಾಕಿಸಿ. ಮರಿಯಾದರೆ ಆರು ತಿಂಗಳ ಹೊತ್ತಿಗೆ ಸಂತಾನಹರಣ ಮಾಡಿಸುವ ಮಾತು ಪಡೆಯಿರಿ.

ಸಂಘಟನೆ ಬಲ್ಲವರು ಇನ್ನೂ ದೊಡ್ಡದನ್ನು ಮಾಡಬಲ್ಲಿರಿ. ನವೆಂಬರ್ ಇಡೀ ತಿಂಗಳು ಈ ಭಾಗದ ಕಂಪನಿಗಳಲ್ಲಿ, ಕಾರ್ಖಾನೆಗಳಲ್ಲಿ, ಬಡಾವಣೆಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ. ಶಾಮಿಯಾನ ಇದೆ, ಮೈಕು ಇದೆ, ಜನ ಇದ್ದಾರೆ. ಅದೇ ಶಾಮಿಯಾನದ ಒಂದು ಮೂಲೆಯಲ್ಲಿ ಲಸಿಕೆಯಾದ ನಾಯಿಗಳ ದತ್ತು ಶಿಬಿರ ಇಡಿ, ಮೈಕಿನ ಅಬ್ಬರದಿಂದ ದೂರ. ಕನ್ನಡ ಸಂಘಗಳ ಗೆಳೆಯರೇ, ಕಾಳಿಯ ಶಾಸನದ ಚಿತ್ರವನ್ನು ಅಲ್ಲಿ ತೂಗುಹಾಕಿ, ಅದರ ಕಥೆ ಹೇಳಿ. ನಾಡಹಬ್ಬಕ್ಕೆ ಅದು ಹೊಸ ಅರ್ಥ ಕೊಡುತ್ತದೆ.

ಅಡ್ಡಿಗಳಿಗೆ ಉತ್ತರ

ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಒಪ್ಪುವುದಿಲ್ಲ ಎನ್ನುವವರಿಗೆ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಸದಸ್ಯರೆಲ್ಲ ಒಮ್ಮತದಿಂದ ತೀರ್ಮಾನಿಸಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ಹಕ್ಕಿನ ಜೊತೆಗೆ ಶಿಸ್ತೂ ಇರಲಿ. ಪಟ್ಟಿ ಹಾಕಿ ನಡೆಸಿ, ಮಲ ಎತ್ತಿ, ಮಗು ಹೆದರಿದರೆ ಲಿಫ್ಟ್ ಬಿಟ್ಟುಕೊಡಿ. ನಿಮ್ಮ ನಡತೆ ನೋಡಿ ಮುಂದಿನ ನಾಯಿಗೆ ಬಾಗಿಲು ತೆರೆಯುತ್ತದೆ.

ಸಮಯವಿಲ್ಲ ಎನ್ನುವವರಿಗೆ: ದಿನಕ್ಕೆ ಹತ್ತು ಹನ್ನೆರಡು ಗಂಟೆ ಬೀಗ ಹಾಕಿದ ಮನೆಯಾದರೆ ನಿಮ್ಮ ಮಾತು ಸರಿ, ದತ್ತು ಪಡೆಯಬೇಡಿ, ಮೇಲೆ ಹೇಳಿದ ಬೇರೆ ಕೆಲಸ ಆರಿಸಿಕೊಳ್ಳಿ. ಖರ್ಚಿನ ಚಿಂತೆಯವರಿಗೆ: ಮರಿಗೆ ಆರೆಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಪೀಣ್ಯದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವೇನಲ್ಲ. ಒಬ್ಬರಿಗೆ ಭಾರವಾದದ್ದನ್ನು ನಾಲ್ವರು ರೂಮ್‌ಮೇಟ್‌ಗಳು ಹಂಚಿಕೊಂಡು ಹೊರಬಹುದು. ಆದರೆ ನಾಯಿ ಕೊನೆಗೆ ಯಾರ ಹೆಸರಿನದು ಎಂಬುದು ಮೊದಲ ದಿನವೇ ತೀರ್ಮಾನವಾಗಿರಲಿ. ರೂಮು ಬಿಡುವ ದಿನ ನಾಯಿ ಅನಾಥವಾಗಬಾರದು.

ಕೆಲವು ಎಚ್ಚರಗಳು. ಹೇಳದೆ ಕೇಳದೆ ಯಾರಿಗೂ ನಾಯಿಯನ್ನು ಉಡುಗೊರೆ ಕೊಡಬೇಡಿ. ತಾಯಿ ಇರುವ ಮರಿಯನ್ನು ಎಂಟು ವಾರಕ್ಕೆ ಮೊದಲು ಅಗಲಿಸಬೇಡಿ, ತಾಯಿಗೇ ಊಟ ಹಾಕಿ. ಡಿಸೆಂಬರ್ 31ರಂದು ನಾಯಿಯನ್ನು ಹೊಸ ಮನೆಗೆ ಕಳಿಸಬೇಡಿ. ಆ ರಾತ್ರಿಯ ಪಟಾಕಿಗೆ ಅದು ಬಾಗಿಲು ಹಾರಿ ಓಡುತ್ತದೆ. ಒಂದೋ ಒಂದು ವಾರ ಮೊದಲು, ಇಲ್ಲವೇ ಹೊಸ ವರ್ಷ ಕಳೆದ ಮೇಲೆ. ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ. ಕ್ರಿಸ್‌ಮಸ್ ಕೇಕಿನ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಬೇಯಿಸಿದ ಕೋಳಿಮೂಳೆ ಕರುಳು ಸೀಳಬಹುದು.

ಮನೆಗೆ ಬಂದ ನಾಯಿ ಮೊದಲ ಮೂರು ದಿನ ಹೆದರಿ ಮಂಚದ ಕೆಳಗೆ ಸೇರಬಹುದು. ಮೂರು ವಾರಕ್ಕೆ ನಿಮ್ಮ ದಿನಚರಿ ಕಲಿಯುತ್ತದೆ. ಮೂರು ತಿಂಗಳಿಗೆ ಅದು ನಿಮ್ಮ ಮನೆಯದೇ ಆಗುತ್ತದೆ. ಶೆಲ್ಟರಿನವರ ಅನುಭವದ ಮಾತಿದು. ಮೊದಲ ವಾರವೇ ಸೋತು ವಾಪಸು ಕೊಡ ಹೊರಟವರಿಗೆ ಇದನ್ನು ಹೇಳಿ ಧೈರ್ಯ ತುಂಬುವುದೂ ಮನೆ ಹುಡುಕಿದವರ ಕೆಲಸವೇ. ಕೊಟ್ಟು ಕೈತೊಳೆದುಕೊಳ್ಳಬೇಡಿ. ಮೂರನೇ ದಿನ ಫೋನ್ ಮಾಡಿ, ಮೂರನೇ ವಾರ ಹೋಗಿ ನೋಡಿ, ಮೂರನೇ ತಿಂಗಳು ವಿಚಾರಿಸಿ.

ಏಳಿ, ಇಂದೇ ಆರಂಭಿಸಿ

ಸಕಲ ಜೀವಿಗಳ ಬಗ್ಗೆ ಕರುಣೆ ಹೊಂದುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎಂದು ನಮ್ಮ ಸಂವಿಧಾನದ 51ಎ(ಜಿ) ವಿಧಿ ಹೇಳುತ್ತದೆ. ಯಾರೋ ಮಾಡಲಿ ಎಂದು ಪಾಲಿಕೆಗೆ ಬಿಟ್ಟುಕೊಡಬಹುದಾದ ಕರ್ತವ್ಯ ಇದಲ್ಲ. ಈ ನಗರದ ಭವಿಷ್ಯ ಬರೆಯುವವರು ನೀವು. ಜಗತ್ತಿನ ಬ್ಯಾಂಕುಗಳ ಲೆಕ್ಕ ವೈಟ್‌ಫೀಲ್ಡಿನ ಮೇಜುಗಳ ಮೇಲೆ ನಡೆಯುತ್ತದೆ, ದೇಶದ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳು ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಳ್ಳುತ್ತವೆ. ಇಷ್ಟು ಬಲವಿರುವ ಕೈಗಳಿಗೆ ಒಂದು ನಾಯಿಯನ್ನು ಎತ್ತಿಕೊಳ್ಳುವುದು ಅಸಾಧ್ಯವೇ?

ಆದ್ದರಿಂದ ನಾಳೆ ಬೆಳಿಗ್ಗೆ ಟೀ ಕುಡಿಯುವಾಗ ನಿಮ್ಮ ಗೇಟಿನ ನಾಯಿಗಳನ್ನು ಎಣಿಸಿ. ಯಾವುದರ ಕಿವಿ ಕತ್ತರಿಸಿಲ್ಲ, ಯಾವುದು ಗಬ್ಬವಾಗಿದೆ, ಯಾವುದು ಕುಂಟುತ್ತಿದೆ, ಯಾವುದು ನಿನ್ನೆ ಮೊನ್ನೆ ಯಾರೋ ಬಿಟ್ಟುಹೋದದ್ದು, ಬರೆದುಕೊಳ್ಳಿ. ಮೂವರು ಗೆಳೆಯರನ್ನು ಸೇರಿಸಿಕೊಳ್ಳಿ: ಚಿತ್ರ ತೆಗೆಯುವವರು ಒಬ್ಬರು, ಬರೆಯುವವರು ಒಬ್ಬರು, ಗಾಡಿ ಇರುವವರು ಒಬ್ಬರು. ಈ ಶನಿವಾರ ಹತ್ತಿರದ ಶೆಲ್ಟರಿಗೆ ಹೋಗಿ, ವರ್ಷಗಳಿಂದ ಯಾರೂ ಕೇಳದ ನಾಯಿ ಯಾವುದು ಎಂದು ವಿಚಾರಿಸಿ, ಅದರಿಂದಲೇ ಶುರು ಮಾಡಿ. ಊರಿಗೆ ಹೊರಡುವ ಮುಂಚೆ, ಗೇಟಿನ ನಾಯಿಗಳಿಗೆ ರಜೆಯುದ್ದಕ್ಕೂ ಊಟ ಹಾಕುವವರು ಯಾರು ಎಂದು ಗೊತ್ತುಮಾಡಿ, ಅಕ್ಕಿ ಮೊಟ್ಟೆಯ ದುಡ್ಡು ಕೊಟ್ಟು ಹೊರಡಿ. ಬೇಡು ಎಂದಾಗ ಮಣಲೇರ ನಾಯಿಯನ್ನು ಬೇಡಿದ. ನೀವು ಒಂದು ಹೆಜ್ಜೆ ಮುಂದೆ ಹೋಗಿ, ಆ ನಾಯಿಗಾಗಿ ಮನೆಮನೆಯ ಬಾಗಿಲಲ್ಲಿ ನಿಂತು ಬೇಡಿ. ಮೊದಲ ಬಾಗಿಲು ಮುಚ್ಚಿದರೆ ಎರಡನೆಯದನ್ನು ತಟ್ಟಿ, ಅದೂ ಮುಚ್ಚಿದರೆ ಮೂರನೆಯದನ್ನು. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ನಿಮ್ಮ ಬೀದಿಯ ಒಂದು ನಾಯಿಯಾದರೂ ಒಂದು ಹೆಸರಿಗೆ ಓಗೊಡುವಂತೆ ಮಾಡಿ. ನಿಮ್ಮಿಂದ ಇದು ಆಗುತ್ತದೆ. ಹೊರಡಿ.